ರಂಗೋಲಿ ಪುಡಿಯಲ್ಲಿ ಮೂಡಿದ ಊರು

ಊರಿನ ಜನ ಒಂದೆಡೆ ಸೇರಿ, ನೆಲದ ಮೇಲೆ ತಮ್ಮೂರಿನ ನಕ್ಷೆಯನ್ನು ತಾವೇ ಬರೆದು, ಅದರ ಸುತ್ತ ಕುಳಿತು ಕಷ್ಟಸುಖ ಮಾತಾಡಿ, ಮುಂದೇನು ಮಾಡಬೇಕೆಂದು ತೀರ್ಮಾನಿಸುವ ಪದ್ಧತಿಗೆ ಈಗ ಮೂರೂವರೆ ದಶಕಗಳ ಇತಿಹಾಸವಿದೆ. ಅಭಿವೃದ್ಧಿ ಕೆಲಸದಲ್ಲಿರುವವರು ಇದನ್ನು ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆ ಎನ್ನುತ್ತಾರೆ. ದಿನಬಳಕೆಯಲ್ಲಿ ಅದು ಪಿ.ಆರ್.ಎ. ಎಂದೇ ಪ್ರಸಿದ್ಧ. ಇದರ ಬೇರುಗಳು ಬ್ರೆಜಿಲ್, ಥಾಯ್ಲೆಂಡ್, ಕೀನ್ಯಾ, ಇಂಗ್ಲೆಂಡ್‌ಗಳಲ್ಲಿ ಚದುರಿವೆ. ಆದರೆ ಗೆರೆ ಎಳೆಯುವ ಕೋಲು ಪೂರ್ತಿಯಾಗಿ ಊರವರ ಕೈಗೆ ಬಂದದ್ದು ಬಹುಮಟ್ಟಿಗೆ ಭಾರತದಲ್ಲಿ, 1989ರಿಂದ 1991ರ ನಡುವೆ. ಅದರಲ್ಲಿ ಕರ್ನಾಟಕದ ಬಯಲುಸೀಮೆಯ ಹಳ್ಳಿಗಳ ಪಾಲು ದೊಡ್ಡದು.

ಹಳ್ಳಿಗಳಿಗೆ ಅದಕ್ಕೂ ಮೊದಲು ನಕ್ಷೆಗಳಿದ್ದವು. ಮುಂಬಯಿ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಭೂಮಾಪನ ಪದ್ಧತಿ ಮುಂದಿನ ದಶಕದಲ್ಲಿ ಧಾರವಾಡ ಸೀಮೆಗೂ ಬಂತು. ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದ ಮೈಸೂರು 1863ರಲ್ಲಿ ಅದೇ ಮಾದರಿಯ ಸರ್ವೆ ಶುರುಮಾಡಿತು. 33 ಅಡಿಯ ಸರಪಳಿ, ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೀಗೆ ಅಳೆದು, ಬಾಂದುಕಲ್ಲು ನೆಟ್ಟು, ಪ್ರತಿ ಹೊಲಕ್ಕೂ ಸರ್ವೆ ನಂಬರ್ ಕೊಟ್ಟು ತಯಾರಾದ ಗ್ರಾಮ ನಕ್ಷೆ ಹಳೇ ಮೈಸೂರಿನಲ್ಲಿ ಶಾನುಭೋಗರ ಬಳಿ, ಉತ್ತರದಲ್ಲಿ ಕುಲಕರ್ಣಿಗಳ ಬಳಿ ಇರುತ್ತಿತ್ತು. ಅದು ಬಹಳ ಕರಾರುವಾಕ್ಕಾದ ದಾಖಲೆ. ಇವತ್ತಿಗೂ ಗಡಿ ತಕರಾರುಗಳಲ್ಲಿ ಅದೇ ಆಧಾರ. ಆದರೆ ಅದನ್ನು ಮಾಡಿದ್ದು ಕಂದಾಯಕ್ಕಾಗಿ. ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅದರಲ್ಲಿ ಸಿಗುತ್ತದೆ. ಯಾವ ಬಾವಿ ಬೇಸಗೆಯಲ್ಲಿ ಮೊದಲು ಬತ್ತುತ್ತದೆ, ಯಾವ ಮನೆಯವರು ವರ್ಷದಲ್ಲಿ ಆರು ತಿಂಗಳು ಗುಳೆ ಹೋಗುತ್ತಾರೆ, ಹೆರಿಗೆ ಬೇನೆ ಬಂದ ಹೆಂಗಸನ್ನು ಮಳೆಗಾಲದಲ್ಲಿ ಯಾವ ಹಾದಿಯಿಂದ ಸಾಗಿಸಬೇಕು ಎಂಬುದು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಚಿತ್ರವನ್ನು ನಡುವೆ ಇಟ್ಟುಕೊಂಡು ಬಡವರು ತಮ್ಮ ಬದುಕನ್ನು ತಾವೇ ವಿಶ್ಲೇಷಿಸಬಹುದು ಎಂಬ ವಿಚಾರಕ್ಕೆ ಗಟ್ಟಿ ರೂಪ ಕೊಟ್ಟವರು ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರಿ. 1963ರಲ್ಲಿ ಅಂಗಿಕೋಸ್ ಎಂಬ ಪಟ್ಟಣದಲ್ಲಿ ಸುಮಾರು 300 ಮಂದಿ ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಿದ ಪ್ರಯೋಗದಿಂದ ಅವರ ಹೆಸರು ಹರಡಿತು. ಆ ಸಾಕ್ಷರತಾ ಕೆಲಸದಲ್ಲಿ ಅಕ್ಷರಕ್ಕೆ ಮೊದಲು ಚಿತ್ರ ಬರುತ್ತಿತ್ತು: ಹೊಲ, ಬಾವಿ, ಬೇಟೆಗಾರ, ಮಣ್ಣಿನ ಮಡಕೆ. ಚಿತ್ರ ನೋಡಿ ಜನ ಮಾತಿಗೆ ತೊಡಗಿದ ಮೇಲೆಯೇ ಪದ ಕಲಿಸುವುದು. ಆ ಚಿತ್ರಗಳನ್ನು ಬರೆದವರು ಮಾತ್ರ ಫ್ರಾನ್ಸಿಸ್ಕೊ ಬ್ರೆನಾಂಡ್‌ರಂತಹ ನುರಿತ ಕಲಾವಿದರು. ನೋಡುವುದು, ಆಡುವುದು ಜನರದ್ದು. ಬರೆಯುವುದು ಇನ್ನೂ ಬಲ್ಲವರದ್ದೇ.

ಎರಡನೆಯ ಎಳೆ ವಿಜ್ಞಾನಿಗಳಿಂದ ಬಂತು. ಬ್ರಿಟಿಷ್ ಪರಿಸರ ವಿಜ್ಞಾನಿ ಗಾರ್ಡನ್ ಕಾನ್ವೇ ಮತ್ತು ಅವರ ಸಂಗಡಿಗರು 1978ರಿಂದ ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದಲ್ಲಿ ಬೇಸಾಯದ ವ್ಯವಸ್ಥೆಯನ್ನು ಸರಳ ಚಿತ್ರಗಳಲ್ಲಿ ಹಿಡಿಯುವ ಕ್ರಮವನ್ನು ರೂಪಿಸಿದರು. ಕಣಿವೆಯನ್ನು ಅಡ್ಡಲಾಗಿ ಸೀಳಿದಂತೆ ತೋರಿಸುವ ಚಿತ್ರ, ಮಳೆ, ಬೆಳೆ, ಕೂಲಿ, ಬೆಲೆಗಳು ತಿಂಗಳಿಂದ ತಿಂಗಳಿಗೆ ಹೇಗೆ ಏರಿಳಿಯುತ್ತವೆ ಎಂದು ತೋರಿಸುವ ಋತುಮಾನದ ಪಟ್ಟಿ, ಯಾವುದರಿಂದ ಯಾವುದಾಗುತ್ತದೆ ಎಂಬ ಬಾಣದ ಗುರುತುಗಳ ಜಾಲ, ಇವೆಲ್ಲ ಆ ಕಾಲದವು. ಇದೇ ವೇಳೆಗೆ ಇಂಗ್ಲೆಂಡಿನ ಸಸೆಕ್ಸ್‌ನ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ರಾಬರ್ಟ್ ಚೇಂಬರ್ಸ್ ಮತ್ತಿತರರು 1978 ಮತ್ತು 1979ರಲ್ಲಿ ಸಭೆಗಳನ್ನು ನಡೆಸಿ, ತ್ವರಿತ ಗ್ರಾಮೀಣ ಸಮೀಕ್ಷೆ ಎಂಬ ಹೊಸ ವಿಧಾನವನ್ನು ಚರ್ಚೆಗೆ ತಂದರು. ನೂರಾರು ಪುಟಗಳ ಪ್ರಶ್ನಾವಳಿ ಹಿಡಿದು ಮನೆಮನೆ ಅಲೆದು, ವರ್ಷದ ಮೇಲೆ ವರದಿ ಬರುವ ಹೊತ್ತಿಗೆ ಊರಿನ ಸ್ಥಿತಿಯೇ ಬದಲಾಗಿರುತ್ತದೆ ಎಂಬುದು ಅವರ ದೂರು. ಅದಕ್ಕಿಂತ ತೀಕ್ಷ್ಣವಾದ ಇನ್ನೊಂದು ದೂರನ್ನು ಚೇಂಬರ್ಸ್ 1983ರ ತಮ್ಮ ಪುಸ್ತಕದಲ್ಲಿ ಬಿಡಿಸಿ ಬರೆದರು: ಪಟ್ಟಣದ ಅಧಿಕಾರಿ ಜೀಪಿನಲ್ಲಿ ಬರುತ್ತಾನೆ, ಡಾಂಬರು ರಸ್ತೆಯ ಪಕ್ಕದ ಊರನ್ನಷ್ಟೇ ನೋಡುತ್ತಾನೆ, ಮಳೆಗಾಲ ಕಳೆದ ಮೇಲೆಯೇ ಬರುತ್ತಾನೆ, ಗಂಡಸರನ್ನು, ಅದರಲ್ಲೂ ಮುಖಂಡರನ್ನು ಮಾತಾಡಿಸಿ ಹಿಂತಿರುಗುತ್ತಾನೆ. ಹಸಿವು, ಜ್ವರ, ಕೆಸರು ಎಲ್ಲ ಒಟ್ಟಿಗೆ ಬರುವ ತಿಂಗಳುಗಳಲ್ಲಿ ಬಡವರ ಮನೆ ಹೇಗಿರುತ್ತದೆಂದು ಆತನಿಗೆ ಗೊತ್ತಾಗುವುದೇ ಇಲ್ಲ.

1985ರಲ್ಲಿ ಥಾಯ್ಲೆಂಡಿನ ಖೋನ್ ಕೇನ್ ವಿಶ್ವವಿದ್ಯಾಲಯದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಹೊತ್ತಿಗೆ ತ್ವರಿತ ಸಮೀಕ್ಷೆ ಒಂದು ಶಾಸ್ತ್ರವೇ ಆಗಿತ್ತು. ಆದರೂ ಕೋಲು, ಪೆನ್ನು, ಕಾಗದ ಹೊರಗಿನಿಂದ ಬಂದವರ ಕೈಯಲ್ಲೇ ಇದ್ದವು. ರೈತ ಹೇಳುತ್ತಿದ್ದ, ತಜ್ಞ ಬರೆದುಕೊಳ್ಳುತ್ತಿದ್ದ. 1988ರಲ್ಲಿ ಎರಡು ಕಡೆ ಈ ಗೆರೆ ಸ್ವಲ್ಪ ಸರಿಯಿತು. ಕೀನ್ಯಾದ ಮಚಾಕೋಸ್ ಜಿಲ್ಲೆಯ ಎಂಬುಸ್ಯಾನಿಯಲ್ಲಿ ಅಲ್ಲಿನ ರಾಷ್ಟ್ರೀಯ ಪರಿಸರ ಸಚಿವಾಲಯ ಮತ್ತು ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯ ಸೇರಿ ಊರವರೊಂದಿಗೆ ಕೂತು ಯೋಜನೆ ಮಾಡಿದವು. ಗುಜರಾತಿನಲ್ಲಿ ಆಗಾ ಖಾನ್ ಗ್ರಾಮೀಣ ಬೆಂಬಲ ಕಾರ್ಯಕ್ರಮ ಲಂಡನ್ನಿನ ಪರಿಸರ ಮತ್ತು ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಹಳ್ಳಿಯ ಕಾರ್ಯಕರ್ತರಿಗೇ ಸಮೀಕ್ಷೆಯ ತರಬೇತಿ ಕೊಟ್ಟಿತು.

ಕರ್ನಾಟಕದಲ್ಲಿ ಈ ಕೆಲಸ ಹಿಡಿದದ್ದು ಮೈರಾಡ. ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಈ ಸಂಸ್ಥೆ, 1980ರ ದಶಕದ ವೇಳೆಗೆ ಬಡ ಹಳ್ಳಿಗಳ ಅಭಿವೃದ್ಧಿಯ ಕಡೆಗೆ ತಿರುಗಿತ್ತು. ಹೊಳಲ್ಕೆರೆ, ಎಚ್.ಡಿ. ಕೋಟೆ, ಕೋಲಾರ ಜಿಲ್ಲೆಯ ಕಾಮಸಮುದ್ರ, ಕೊಳ್ಳೇಗಾಲದ ಕಡೆಯ ಹೂಥೂರು, ಗಡಿಯಾಚೆ ತಾಳವಾಡಿ, ಇವು ಅದರ ಕಾರ್ಯಕ್ಷೇತ್ರಗಳು. ಕಲಬುರಗಿಯಲ್ಲಿ ಸ್ವಿಸ್ ನೆರವಿನ ಜಲಾನಯನ ಯೋಜನೆಯೊಂದು ಸರ್ಕಾರದ ಜೊತೆಗೂಡಿ ನಡೆದಿತ್ತು. ಅಲೋಷಿಯಸ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ಮೈರಾಡ 1980ರ ದಶಕದ ನಡುವಿನಿಂದಲೇ ಸಣ್ಣ ಸಣ್ಣ ಉಳಿತಾಯ ಸಂಘಗಳನ್ನು ಕಟ್ಟಿತ್ತು. ಇವೇ ಮುಂದೆ ನಾಡಿನುದ್ದಕ್ಕೂ ಹರಡಿದ ಸ್ವಸಹಾಯ ಸಂಘಗಳ ಮೊದಲ ಮಾದರಿಗಳಲ್ಲಿ ಸೇರಿವೆ. ಹದಿನೈದಿಪ್ಪತ್ತು ಜನ ವಾರಕ್ಕೊಮ್ಮೆ ನೆಲದ ಮೇಲೆ ವೃತ್ತಾಕಾರವಾಗಿ ಕೂತು ಲೆಕ್ಕ ಒಪ್ಪಿಸುವ ರೂಢಿ ಆ ಊರುಗಳಿಗೆ ಆಗಲೇ ಬಂದಿತ್ತು. ಕರ್ನಾಟಕದಲ್ಲಿ 1983ರ ಪಂಚಾಯತ್ ಕಾಯ್ದೆಯೂ, ಅಬ್ದುಲ್ ನಜೀರ್ ಸಾಬ್ ಅವರು ಅದಕ್ಕೆ ತುಂಬಿದ ಜೀವವೂ ಊರಿನ ಯೋಜನೆ ಊರಲ್ಲೇ ಆಗಬೇಕೆಂಬ ಮಾತನ್ನು ಹಳ್ಳಿಗಳಿಗೆ ಮುಟ್ಟಿಸಿದ್ದವು. ನೆಲದ ನಕ್ಷೆ ಇಲ್ಲಿ ಅಷ್ಟು ಬೇಗ ಬೇರುಬಿಟ್ಟದ್ದಕ್ಕೆ ಈ ಹಿನ್ನೆಲೆಯೂ ಕಾರಣವೆನ್ನಬೇಕು.

1989ರಲ್ಲಿ ಚೇಂಬರ್ಸ್ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜಿಗೆ ಬಂದು ಸುಮಾರು ಎರಡು ವರ್ಷ ಭಾರತದಲ್ಲಿ ಉಳಿದರು. ಮೈರಾಡದ ಜೇಮ್ಸ್ ಮಸ್ಕರೇನ್ಹಸ್ ಮತ್ತು ಸಹೋದ್ಯೋಗಿಗಳ ಜೊತೆ ಸೇರಿ ಹಳ್ಳಿಗಳಲ್ಲಿ ತರಬೇತಿ ಶಿಬಿರಗಳು ನಡೆದವು. ಶಿಬಿರಕ್ಕೆ ಬಂದ ಅಧಿಕಾರಿಗಳು, ಬ್ಯಾಂಕಿನವರು, ಸಂಸ್ಥೆಗಳ ಕಾರ್ಯಕರ್ತರು ಊರಲ್ಲೇ ಉಳಿಯಬೇಕು, ಊರವರ ಊಟ ಉಣ್ಣಬೇಕು, ನಾಟಿ, ಕಳೆ ಕೀಳುವುದು, ನೀರು ಹೊರುವುದು ಮುಂತಾದ ಕೆಲಸವನ್ನು ಊರವರಿಂದ ಹೇಳಿಸಿಕೊಂಡು ಕಲಿಯಬೇಕು ಎಂಬುದು ಕ್ರಮ. ನೇಗಿಲ ಮೇಳಿ ಹಿಡಿಯಲು ಬಾರದ ಸಾಹೇಬರನ್ನು ಕಂಡು ಊರವರು ನಕ್ಕಾಗ, ಯಾರು ಬಲ್ಲವರು ಎಂಬ ಪ್ರಶ್ನೆಗೆ ಬೇರೆ ಉತ್ತರ ಸಿಗಲು ಜಾಗವಾಗುತ್ತಿತ್ತು. ಆಮೇಲೆ ನಕ್ಷೆಯ ಮಾತು. ಕೋಲನ್ನೋ ಸೀಮೆಸುಣ್ಣವನ್ನೋ ಊರವರ ಕೈಗಿತ್ತು, ಹೊರಗಿನವರು ಹಿಂದೆ ಸರಿದು ಸುಮ್ಮನೆ ಕೂರಬೇಕು. ಈ ಸುಮ್ಮನೆ ಕೂರುವುದೇ ಕಲಿಯುವವರಿಗೆ ಅತ್ಯಂತ ಕಷ್ಟವಾದ ಪಾಠವಾಗಿತ್ತೆಂದು ತರಬೇತುದಾರರು ಮತ್ತೆ ಮತ್ತೆ ಬರೆದಿದ್ದಾರೆ. ಮೈರಾಡ ಈ ವಿಧಾನಗಳನ್ನು ಒಟ್ಟಾಗಿ ‘ಪಾಮ್’ ಎಂಬ ಹೆಸರಿನಲ್ಲಿ ಬೆಳೆಸಿತು.

ಒಂದು ನಕ್ಷೆ ಮೂಡುವ ಬಗೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮೊದಲು ಜಾಗ ಗೊತ್ತಾಗಬೇಕು. ಶಾಲೆಯ ಅಂಗಳ, ಅರಳಿಕಟ್ಟೆಯ ಮುಂದಿನ ಬಯಲು ಅಥವಾ ಸುಗ್ಗಿ ಮುಗಿದ ಕಣ. ಜಾಗ ಗುಡಿಸಿ ನೀರು ಚಿಮುಕಿಸುತ್ತಾರೆ. ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಬೂದಿ, ಇದ್ದಿಲು, ಹುಣಸೆ ಬೀಜ, ಹೊಂಗೆ ಸೊಪ್ಪು, ಬೆಣಚುಕಲ್ಲು, ಏನು ಸಿಕ್ಕರೂ ನಡೆಯುತ್ತದೆ. ಶುರುವಿನಲ್ಲಿ ಒಬ್ಬಿಬ್ಬರು ಹಿಂಜರಿಯುತ್ತಲೇ ಊರ ಮುಂದಿನ ರಸ್ತೆಯನ್ನು ಎಳೆಯುತ್ತಾರೆ. ಆಮೇಲೆ ಗುಡಿ, ಕೆರೆ, ಶಾಲೆ. ಅಷ್ಟರಲ್ಲಿ ಯಾರೋ ಒಬ್ಬರು, ಕೆರೆ ಅಲ್ಲಲ್ಲ, ಇಲ್ಲಿ ಬರಬೇಕು ಎಂದು ಅಳಿಸಿ ತಿದ್ದುತ್ತಾರೆ. ಅಲ್ಲಿಂದ ನಕ್ಷೆಗೆ ಜೀವ ಬರುತ್ತದೆ. ಬೀದಿಗಳು, ಬೀದಿಯ ಎರಡು ಬದಿ ಮನೆಗಳು, ಬಾಗಿಲು ಯಾವ ದಿಕ್ಕಿಗೆಂಬ ಗುರುತು. ಮನೆಯೊಳಗೆ ಎಷ್ಟು ಗಂಡಸರು, ಹೆಂಗಸರು, ಮಕ್ಕಳು ಎಂಬುದಕ್ಕೆ ಬೇರೆ ಬೇರೆ ಬೀಜ. ಶಾಲೆ ಬಿಟ್ಟ ಮಗುವಿದ್ದರೆ ಒಂದು ಕಲ್ಲು, ಗುಳೆ ಹೋದವರಿದ್ದರೆ ಒಂದು ಕಡ್ಡಿ, ಅಂಗವಿಕಲರಿದ್ದರೆ ಬಣ್ಣದ ಚುಕ್ಕಿ. ಎರಡು ಮೂರು ಗಂಟೆಯಲ್ಲಿ ಮನೆಮನೆಯ ಗಣತಿ ಮುಗಿದಿರುತ್ತದೆ. ಒಬ್ಬರು ತಪ್ಪು ಲೆಕ್ಕ ಕೊಟ್ಟರೆ ಪಕ್ಕದ ಮನೆಯವರು ಅಲ್ಲೇ ತಿದ್ದುತ್ತಾರೆ. ಪ್ರಶ್ನಾವಳಿಯಲ್ಲಿ ಇಂಥ ತಿದ್ದುಪಡಿಗೆ ದಾರಿಯಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡೇ ಇರುವುದಿಲ್ಲ.

ಮುಗಿದ ನಕ್ಷೆಯನ್ನು ಸಂಜೆಯೊಳಗೆ ದೊಡ್ಡ ಕಾಗದಕ್ಕೆ ಇಳಿಸಬೇಕು. ಗಾಳಿಯೋ ದನವೋ ಮಳೆಯೋ ನೆಲದ ಮೇಲಿನದನ್ನು ಬಿಡುವುದಿಲ್ಲ. ಕಾಗದದ ಮೂಲೆಯಲ್ಲಿ ನಕ್ಷೆ ಬರೆದವರ ಹೆಸರುಗಳನ್ನು, ತಾರೀಖನ್ನು ಹಾಕಬೇಕು, ಮೂಲ ಪ್ರತಿ ಊರಲ್ಲೇ ಉಳಿಯಬೇಕು ಎಂಬ ಕಟ್ಟಳೆಯನ್ನು ಆ ಕಾಲದ ತರಬೇತುದಾರರು ಒತ್ತಿ ಹೇಳುತ್ತಿದ್ದರು. ಬರೆದವರ ಸ್ವತ್ತು ಬರೆದವರಿಗೆ ಸೇರಬೇಕೆಂಬ ಈ ಎಚ್ಚರ ಇಡೀ ಪದ್ಧತಿಯ ಅತ್ಯಂತ ಗೌರವದ ಭಾಗ.

ನಕ್ಷೆಯ ಬೆನ್ನಿಗೆ ಬೇರೆ ಚಿತ್ರಗಳೂ ಬಂದವು. ಋತುಮಾನದ ಪಟ್ಟಿಯನ್ನು ವಿಜ್ಞಾನಿಗಳು ಕಾಗದದ ಮೇಲೆ ಬರೆಯುತ್ತಿದ್ದರಷ್ಟೆ. ಹಳ್ಳಿಯಲ್ಲಿ ಅದು ನೆಲಕ್ಕಿಳಿಯಿತು. ಹನ್ನೆರಡು ಕಲ್ಲುಗಳನ್ನು ಸಾಲಾಗಿ ಇಟ್ಟು, ಪ್ರತಿ ಕಲ್ಲಿನ ಮುಂದೆ ಮಳೆಗೆ ಇಷ್ಟು ಬೀಜ, ಕೂಲಿಗೆ ಇಷ್ಟು, ಸಾಲಕ್ಕೆ ಇಷ್ಟು, ಕಾಯಿಲೆಗೆ ಇಷ್ಟು ಎಂದು ಗುಡ್ಡೆ ಹಾಕುವುದು. ಇಲ್ಲಿ ವರ್ಷ ಜನವರಿಯಿಂದ ಶುರುವಾಗಬೇಕಿಲ್ಲ. ಯುಗಾದಿಯಿಂದ ಎಣಿಸುವವರು ಯುಗಾದಿಯಿಂದ ಎಣಿಸುತ್ತಾರೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆ ನಕ್ಷತ್ರದ ಲೆಕ್ಕದಲ್ಲಿ ಬಿತ್ತನೆ ನೆನಪಿಡುವ ರೈತರಿಗೆ ಅದೇ ಸರಿ. ಬೀಜದ ಗುಡ್ಡೆಗಳನ್ನು ಒಟ್ಟಿಗೆ ನೋಡಿದಾಗ, ಮನೆಯಲ್ಲಿ ಕಾಳು ತೀರುವ ತಿಂಗಳು, ಸಾಲ ಏರುವ ತಿಂಗಳು, ಜ್ವರ ಹೆಚ್ಚುವ ತಿಂಗಳು ಒಂದೇ ಸಾಲಿನಲ್ಲಿ ನಿಲ್ಲುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಸಂಘದ ಸಾಲವನ್ನು ಯಾವ ತಿಂಗಳು ಕೊಡಬೇಕು, ಯಾವ ತಿಂಗಳು ವಸೂಲಿ ಮಾಡಬಾರದು ಎಂಬ ನಿರ್ಧಾರಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬಂತು.

ಊರಿಗೆ ಯಾವ ಸಂಸ್ಥೆ ಎಷ್ಟು ಮುಖ್ಯ ಎಂದು ತೋರಿಸಲು ಕಾಗದದ ದುಂಡು ಬಿಲ್ಲೆಗಳನ್ನು ಕತ್ತರಿಸಿ ಜೋಡಿಸುವ ಕ್ರಮಕ್ಕೆ ಭಾರತದಲ್ಲಿ ಚಪಾತಿ ಚಿತ್ರವೆಂಬ ಹೆಸರು ಬಿತ್ತು. ಮುಖ್ಯವಾದುದಕ್ಕೆ ದೊಡ್ಡ ಬಿಲ್ಲೆ, ಹತ್ತಿರದ್ದನ್ನು ಊರಿನ ಪಕ್ಕ, ಕೈಗೆಟುಕದ್ದನ್ನು ದೂರ ಇಡುವುದು. ಬ್ಯಾಂಕು ದೊಡ್ಡ ಬಿಲ್ಲೆಯಾಗಿ ಬಹು ದೂರದಲ್ಲಿ ಕೂತರೆ, ಬಡ್ಡಿ ವ್ಯಾಪಾರಿ ಊರ ನಡುವೆಯೇ ಇರುತ್ತಾನೆ. ಬ್ಯಾಂಕಿನ ಮ್ಯಾನೇಜರ್ ಎದುರಿಗೇ ಇದ್ದಾಗ ಇದಕ್ಕಿಂತ ಖಂಡಿತವಾದ ಅರ್ಜಿ ಇನ್ನೊಂದಿಲ್ಲ. ಮರ, ತಳಿ, ಮೇವುಗಳನ್ನು ಚೌಕಟ್ಟಿನ ಮನೆಗಳಲ್ಲಿ ಇಟ್ಟು, ಪ್ರತಿ ಗುಣಕ್ಕೂ ಬೀಜ ಹಾಕಿ ತೂಗುವ ಕ್ರಮವೂ ಬಂತು. ಮನೆಗಳ ಸ್ಥಿತಿಗತಿಯನ್ನು ವರ್ಗೀಕರಿಸುವ ವಿಧಾನವನ್ನು ಬಾರ್ಬರಾ ಗ್ರಾಂಡಿನ್ ಕೀನ್ಯಾದಲ್ಲಿ ರೂಪಿಸಿ 1988ರಲ್ಲಿ ಕೈಪಿಡಿಯಾಗಿ ತಂದಿದ್ದರು. ಅದರಲ್ಲಿ ಮನೆಯ ಹೆಸರು ಬರೆದ ಚೀಟಿಗಳನ್ನು ಒಬ್ಬೊಬ್ಬರಿಂದ ಪ್ರತ್ಯೇಕವಾಗಿ ಗುಡ್ಡೆ ಮಾಡಿಸಬೇಕಿತ್ತು. ನೆಲದ ನಕ್ಷೆ ಬಂದ ಮೇಲೆ ಮನೆಗಳ ಮೇಲೇ ಗುರುತಿಟ್ಟು, ಎಲ್ಲರೆದುರು ಚರ್ಚಿಸಿ ಮಾಡುವುದೂ ಸಾಧ್ಯವಾಯಿತು. ತೀರಾ ಬಡವರು ಯಾರು, ಸಂಘಕ್ಕೆ ಮೊದಲು ಯಾರನ್ನು ಸೇರಿಸಬೇಕು ಎಂಬುದನ್ನು ಊರೇ ನಿರ್ಧರಿಸುವ ದಾರಿ ಇದರಿಂದ ತೆರೆಯಿತು.

ಕಲಬುರಗಿಯ ಜಲಾನಯನ ಪ್ರದೇಶದಲ್ಲಿ ರೈತರು ನಕ್ಷೆಯನ್ನು ದಾಟಿ ಮಣ್ಣಿನ ಮಾದರಿಗಳನ್ನೇ ಮಾಡಿದರು. ಇಳಿಜಾರು, ಕೊರಕಲು, ಹಳ್ಳ, ಬದು, ಗಿಡಮರ ಎಲ್ಲವನ್ನೂ ಮಣ್ಣು, ಕಲ್ಲು, ಸೊಪ್ಪು, ಬಣ್ಣದ ಪುಡಿಗಳಿಂದ ನಿರ್ಮಿಸಿ, ಮಳೆ ನೀರು ಎಲ್ಲಿಂದ ಇಳಿದು ಎಲ್ಲಿ ಮಣ್ಣು ಕೊಚ್ಚುತ್ತದೆ ಎಂದು ತೋರಿಸುವುದು. ಆಮೇಲೆ ಒಡ್ಡು ಎಲ್ಲಿ ಬರಬೇಕೆಂದು ಗುರುತಿಸುವುದು. ಎಂಜಿನಿಯರುಗಳ ಯೋಜನೆಯಲ್ಲಿ ಬದು ಸಮಪಾತಳಿ ರೇಖೆಯ ಮೇಲೆ ಹೋಗುತ್ತಿತ್ತು, ಹೊಲಗಳ ನಡುವೆ ಅಡ್ಡಾದಿಡ್ಡಿಯಾಗಿ. ರೈತರಿಗೆ ಬದು ತಮ್ಮ ಹೊಲದ ಅಂಚಿನಲ್ಲಿರಬೇಕು. ಹಳ್ಳಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ಕೊಚ್ಚಿ ಬಂದ ಮಣ್ಣನ್ನು ವರ್ಷ ವರ್ಷ ನಿಲ್ಲಿಸಿಕೊಂಡು ಫಲವತ್ತಾದ ತುಂಡು ಹೊಲ ಮಾಡಿಕೊಳ್ಳುವ ಹಳೆಯ ಜಾಣ್ಮೆಯೊಂದು ಒಣಸೀಮೆಯ ರೈತರಿಗೆ ತಿಳಿದಿತ್ತು. ಇಂಥ ಪುಟ್ಟ ಪುಟ್ಟ ಜಾಗಗಳು ತಜ್ಞರ ಕಣ್ಣಿಗೆ ಬೀಳದೆ ಹೋಗುತ್ತವೆ ಎಂದು ಚೇಂಬರ್ಸ್ 1990ರಲ್ಲಿ ಒಂದು ಪ್ರಬಂಧವನ್ನೇ ಬರೆದರು.

ಓದುಬರಹ ಬಾರದ ಹಳ್ಳಿಗರು ನಕ್ಷೆ ಬರೆಯಬಲ್ಲರು ಎಂಬುದು ಆ ದಿನಗಳಲ್ಲಿ ತಜ್ಞರಿಗೆ ದೊಡ್ಡ ಸೋಜಿಗವಾಗಿ ಕಂಡಿತು. ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲಿ ವರ್ಷಗಟ್ಟಲೆ ಇದ್ದೂ ಇದು ಯಾಕೆ ಬೆಳಕಿಗೆ ಬರಲಿಲ್ಲ ಎಂದು ಚೇಂಬರ್ಸ್ ಮತ್ತೆ ಮತ್ತೆ ಕೇಳಿದ್ದಾರೆ. ಕನ್ನಡ ನಾಡಿನ ಹಳ್ಳಿಯನ್ನು ಬಲ್ಲವರಿಗೆ ಅದು ಅಷ್ಟು ಸೋಜಿಗವಾಗಬೇಕಿಲ್ಲ. ಹೊಸಿಲ ಮುಂದೆ ದಿನವೂ ಚುಕ್ಕಿ ಎಣಿಸಿ ಗೆರೆ ಕೂಡಿಸುವ ಹೆಂಗಸರಿಗೆ ಅಳತೆ, ಪ್ರಮಾಣ, ಸಮತೋಲ ಕೈಗೆ ಬಂದ ವಿದ್ಯೆ. ಗುಡಿಯ ಚಪ್ಪಡಿಗಳ ಮೇಲೆ ಕೆತ್ತಿದ ಚೌಕಾಬಾರದ, ಹುಲಿ–ಕುರಿ ಆಟದ ಮನೆಗಳಲ್ಲಿ ಕಾಯಿ ನಡೆಸುತ್ತ, ಅಳಗುಳಿಮಣೆಯ ಗುಳಿಗಳಲ್ಲಿ ಹುಣಸೆ ಬೀಜ ಹಂಚುತ್ತ ಬೆಳೆದವರಿಗೆ, ಚೌಕದಲ್ಲಿ ಬೀಜ ಹಾಕಿ ತೂಗಿ ನೋಡು ಎಂದರೆ ವಿವರಿಸಿ ಹೇಳಬೇಕಿಲ್ಲ. ಗಾರೆ ಕೆಲಸದವರು ಪಾಯ ತೋಡುವ ಮೊದಲು ಸುಣ್ಣದ ಪುಡಿಯಲ್ಲಿ ಮನೆಯನ್ನೇ ನೆಲದ ಮೇಲೆ ಬರೆಯುತ್ತಾರೆ. ಈ ಕೌಶಲಗಳೆಲ್ಲ ಇದ್ದವು. ಊರಿನ ಯೋಜನೆ ಮಾಡುವ ಕೆಲಸಕ್ಕೆ ಅವನ್ನು ಯಾರೂ ಕರೆದಿರಲಿಲ್ಲ.

ಚಿತ್ರ ಬರೆಯುವಾಗ ಗುಂಪಿನ ನಡವಳಿಕೆಯೂ ಬದಲಾಗುತ್ತದೆ. ಸಭೆಯಲ್ಲಿ ಮಾತಿನ ಮಲ್ಲರದ್ದೇ ಮೇಲುಗೈ; ಉಳಿದವರು ತಲೆ ತಗ್ಗಿಸಿ ಕೇಳುತ್ತಾರೆ. ನೆಲದ ನಕ್ಷೆಯ ಮುಂದೆ ಎಲ್ಲರ ಕಣ್ಣೂ ನೆಲದ ಮೇಲೆ. ಗೌಡರ ಮುಖ ನೋಡಿ ಮಾತಾಡಬೇಕಿಲ್ಲ, ಕೈಯಿಂದ ಒಂದು ಬೀಜ ಸರಿಸಿದರೆ ಸಾಕು, ಅಭಿಪ್ರಾಯ ತಿಳಿಸಿದಂತಾಯಿತು. ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಬರೆದ ಗೆರೆ ಮುಂದೆಯೇ ಉಳಿದು ಇನ್ನೊಬ್ಬರ ತಿದ್ದುಪಡಿಗಾಗಿ ಕಾಯುತ್ತದೆ. ಗಂಡಸರು ಹೊಲ, ರಸ್ತೆ, ಪಂಚಾಯಿತಿ ಕಟ್ಟೆಗಳನ್ನು ದೊಡ್ಡದಾಗಿ ಬರೆದರೆ, ಹೆಂಗಸರು ನೀರಿನ ಜಾಗ, ಸೌದೆಯ ಹಾದಿ, ಅಂಗನವಾಡಿ, ತವರಿನ ದಾರಿಯನ್ನು ಎತ್ತಿ ತೋರಿಸುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ಆದ್ದರಿಂದಲೇ ಒಂದೇ ಊರಿಗೆ ಎರಡು ಮೂರು ನಕ್ಷೆ ಬರೆಸಿ, ಆಮೇಲೆ ಎದುರುಬದುರು ಇಟ್ಟು ನೋಡುವ ಕ್ರಮ ಬಂತು.

1991ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ತರಬೇತುದಾರರ ಕಾರ್ಯಾಗಾರ ಈ ಚರಿತ್ರೆಯ ಒಂದು ಮೈಲಿಗಲ್ಲು. ಮೈರಾಡದವರು, ಗುಜರಾತಿನ ಆಗಾ ಖಾನ್ ಕಾರ್ಯಕ್ರಮದ ಪರ್ಮೇಶ್ ಷಾ, ಆಕ್ಷನ್‌ಏಡ್‌ನ ಸ್ಯಾಮ್ ಜೋಸೆಫ್, ರವಿ ಜಯಕರನ್, ತಮಿಳುನಾಡಿನ ಸ್ಪೀಚ್ ಸಂಸ್ಥೆಯ ಜಾನ್ ದೇವವರಂ, ಲಂಡನ್ನಿನಿಂದ ಜೂಲ್ಸ್ ಪ್ರೆಟ್ಟಿ, ಚೇಂಬರ್ಸ್ ಮೊದಲಾದವರ ಅನುಭವಗಳು ಅಲ್ಲಿ ಒಟ್ಟುಗೂಡಿದವು. ಅದರ ನಡಾವಳಿ ಅದೇ ವರ್ಷ ಲಂಡನ್ ಸಂಸ್ಥೆಯ ‘ಆರ್.ಆರ್.ಎ. ನೋಟ್ಸ್’ ಮಾಲಿಕೆಯ 13ನೇ ಸಂಚಿಕೆಯಾಗಿ ಮೈರಾಡದ ಜಂಟಿ ಪ್ರಕಟಣೆಯಲ್ಲಿ ಹೊರಬಂತು. ಅದಕ್ಕೆ ಹಿಂದಿನ ಸಂಚಿಕೆಯಲ್ಲಿ ಮಸ್ಕರೇನ್ಹಸ್ ಮತ್ತು ಪ್ರೇಮ್ ಕುಮಾರ್ ನಕ್ಷೆ, ಮಾದರಿಗಳನ್ನು ಮಾಡಿಸುವ ವಿವರಗಳನ್ನು ಬಳಕೆದಾರರಿಗೆಂದೇ ಬರೆದಿದ್ದರು. ಒಣಸೀಮೆಯ ಕಣಗಳಲ್ಲಿ ಕಲಿತ ಪಾಠ ಹೀಗೆ ನೇಪಾಳ, ಶ್ರೀಲಂಕಾ, ವಿಯೆಟ್ನಾಂ, ಆಫ್ರಿಕಾದ ದೇಶಗಳಿಗೆ ಹೊರಟಿತು. ಚೇಂಬರ್ಸ್ 1994ರಲ್ಲಿ ‘ವರ್ಲ್ಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಬರೆದ ಮೂರು ಲೇಖನಗಳು ಈ ಪದ್ಧತಿಯ ಹುಟ್ಟು, ಬೆಳವಣಿಗೆಗಳನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದವು.

ಅಲ್ಲಿಂದ ಕವಲುಗಳು ಒಡೆದವು. ಆಕ್ಷನ್‌ಏಡ್ 1993ರಿಂದ ಉಗಾಂಡಾ, ಬಾಂಗ್ಲಾದೇಶ, ಎಲ್ ಸಾಲ್ವಡಾರ್‌ಗಳಲ್ಲಿ ನಡೆಸಿದ ‘ರಿಫ್ಲೆಕ್ಟ್’ ಸಾಕ್ಷರತಾ ಪ್ರಯೋಗದಲ್ಲಿ ಪಠ್ಯಪುಸ್ತಕವಿರಲಿಲ್ಲ. ಕಲಿಯುವವರು ಬರೆದ ನಕ್ಷೆ, ಪಟ್ಟಿಗಳಿಂದಲೇ ಪದ ಹುಟ್ಟುತ್ತಿತ್ತು. ಫ್ರೇರಿಯ ತರಗತಿಯಲ್ಲಿ ಕಲಾವಿದನ ಚಿತ್ರವಿದ್ದ ಜಾಗಕ್ಕೆ ಕಲಿಯುವವರ ಚಿತ್ರ ಬಂದಿತ್ತು. 2000ದಲ್ಲಿ ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಗ್ರಾಮದಲ್ಲಿ ಕಮಲ್ ಕರ್ ಅವರು ಆರಂಭಿಸಿದ ನೈರ್ಮಲ್ಯ ಆಂದೋಲನದ ನಡುವೆಯೂ ಒಂದು ನೆಲದ ನಕ್ಷೆ ಇದೆ: ಯಾರು ಎಲ್ಲಿ ಬಯಲಿಗೆ ಹೋಗುತ್ತಾರೆಂದು ಊರವರೇ ಹಳದಿ ಪುಡಿ ಚೆಲ್ಲಿ ತೋರಿಸುವುದು. ಕುಡಿಯುವ ನೀರಿನ ಜಾಗದ ಸುತ್ತ ಹಳದಿ ದಟ್ಟವಾಗುವುದನ್ನು ಕಂಡ ಮೇಲೆ ಭಾಷಣ ಬೇಕಾಗುತ್ತಿರಲಿಲ್ಲ. ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು 1990ರ ದಶಕದ ಆರಂಭದಲ್ಲಿ ಕಲ್ಲಿಯಾಶ್ಶೇರಿಯಂತಹ ಪಂಚಾಯಿತಿಗಳಲ್ಲಿ ವಿಜ್ಞಾನಿಗಳ ನೆರವಿನಿಂದ ಸಂಪನ್ಮೂಲ ನಕ್ಷೆ ಮಾಡಿಸಿತು. 1996ರ ಜನತಾ ಯೋಜನೆಗೆ ಅದು ದಾರಿ ಹಾಕಿತು.

ಕರ್ನಾಟಕದೊಳಗೇ ಇನ್ನೊಂದು ಕವಲು ಮಕ್ಕಳದ್ದು. ದುಡಿಯುವ ಮಕ್ಕಳಿಗಾಗಿ ಕೆಲಸ ಮಾಡುವ ಬೆಂಗಳೂರಿನ ಸಂಸ್ಥೆಯೊಂದರ ಒತ್ತಾಸೆಯಿಂದ 1990ರ ದಶಕದ ನಡುವಿನಲ್ಲಿ ಕುಂದಾಪುರ ಸೀಮೆಯಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಅಲ್ಲಿನ ಮಕ್ಕಳು ತಮ್ಮ ವಾರ್ಡಿನ ನಕ್ಷೆ ಬರೆದು, ಶಾಲೆಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ತೋಡು ದಾಟಬೇಕು, ಎಲ್ಲಿ ಕಾಲುಸಂಕ ಮುರಿದಿದೆ ಎಂದು ಗುರುತಿಸಿ ಗ್ರಾಮ ಪಂಚಾಯಿತಿಯ ಮುಂದಿಟ್ಟರು. ದೊಡ್ಡವರ ನಕ್ಷೆಯಲ್ಲಿ ಕಾಲುಸಂಕ ಒಂದು ಸಣ್ಣ ಗೆರೆ. ಮಳೆಗಾಲದ ನಾಲ್ಕು ತಿಂಗಳು ಶಾಲೆ ತಪ್ಪುವ ಮಗುವಿನ ನಕ್ಷೆಯಲ್ಲಿ ಅದೇ ಮುಖ್ಯ.

ಸರ್ಕಾರ ಈ ಪದ್ಧತಿಯನ್ನು ಒಪ್ಪಿಕೊಂಡಾಗ ಅದರ ಇತಿಹಾಸದ ಎರಡನೆಯ ಘಟ್ಟ ಶುರುವಾಯಿತು. ಹನುಮಂತರಾವ್ ಸಮಿತಿಯ ಶಿಫಾರಸಿನ ಮೇಲೆ 1994ರಲ್ಲಿ ರೂಪುಗೊಂಡು ಮರುವರ್ಷ ಜಾರಿಗೆ ಬಂದ ಕೇಂದ್ರದ ಜಲಾನಯನ ಮಾರ್ಗಸೂಚಿ, ಊರವರ ಸಹಭಾಗಿತ್ವದ ಸಮೀಕ್ಷೆಯನ್ನು ಯೋಜನೆಯ ಭಾಗವನ್ನಾಗಿಸಿತು. ವಿಶ್ವಬ್ಯಾಂಕ್ ನೆರವಿನಿಂದ 2001ರಲ್ಲಿ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಯೋಜನೆಯೂ ಇದೇ ಹಾದಿ ಹಿಡಿಯಿತು. ಸಾವಿರಾರು ಊರುಗಳಲ್ಲಿ ನಕ್ಷೆ ಬರೆಯಲೇಬೇಕಾಯಿತು. ಗುರಿ, ಗಡುವು, ನಮೂನೆ ಬಂದವು. ಎರಡು ಮೂರು ದಿನ ಊರಲ್ಲಿ ಉಳಿದು ಮಾಡುತ್ತಿದ್ದ ಕೆಲಸ ಎಷ್ಟೋ ಕಡೆ ಅರ್ಧ ದಿನಕ್ಕೆ ಇಳಿಯಿತು. ಫೋಟೋ ತೆಗೆದು ಕಡತಕ್ಕೆ ಲಗತ್ತಿಸಿದರೆ ಮುಗಿಯಿತು ಎಂಬಂತಾಯಿತು. ಪದ್ಧತಿಯ ಮೊದಲಿಗರಿಗೆ ಈ ಅಪಾಯ ಮೊದಲೇ ಕಂಡಿತ್ತು. ಅವರು 1994ರಲ್ಲೇ ಸಸೆಕ್ಸ್‌ನಲ್ಲಿ ಸೇರಿ, ಆತುರದ, ಬಾಯುಪಚಾರದ ಬಳಕೆಯ ಬಗ್ಗೆ ತಮ್ಮ ಆತಂಕವನ್ನು ಲಿಖಿತವಾಗಿ ದಾಖಲಿಸಿದರು.

ಹೊರಗಿನ ಟೀಕೆಯೂ ಹರಿತವಾಗಿತ್ತು. ಪಶ್ಚಿಮ ಭಾರತದ ಭಿಲ್ ಪ್ರದೇಶದ ಬೇಸಾಯ ಯೋಜನೆಯೊಂದರಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಡೇವಿಡ್ ಮಾಸ್, 1994ರ ಲೇಖನದಲ್ಲಿ ಒಂದು ಮೂಲಭೂತ ಪ್ರಶ್ನೆ ಎತ್ತಿದರು. ನಕ್ಷೆ ಬರೆಯುವುದು ಬಹಿರಂಗ ಸಮಾರಂಭ. ಬಹಿರಂಗದಲ್ಲಿ ಯಾರು ಮುಂದೆ ಬರುತ್ತಾರೋ ಅವರ ಹಿತವೇ ಊರಿನ ಹಿತವೆಂದು ದಾಖಲಾಗುತ್ತದೆ. ಹೆಂಗಸರ ಹೊತ್ತು, ಜಾಗ ಬೇರೆಯೇ ಆದ್ದರಿಂದ ಅವರ ಅರಿವು ಹೊರಗುಳಿಯುತ್ತದೆ. 2001ರಲ್ಲಿ ಬಿಲ್ ಕುಕ್ ಮತ್ತು ಉಮಾ ಕೊಠಾರಿ ಸಂಪಾದಿಸಿದ ಪುಸ್ತಕವೊಂದು, ಸಹಭಾಗಿತ್ವವೇ ಹೊಸ ದಬ್ಬಾಳಿಕೆಯಾಗಿದೆಯೇ ಎಂದು ಶೀರ್ಷಿಕೆಯಲ್ಲೇ ಕೇಳಿತು. ಜಾತಿಯ ಗೆರೆಗಳಿರುವ ಕರ್ನಾಟಕದ ಹಳ್ಳಿಗೆ ಈ ಟೀಕೆ ಇನ್ನೂ ಹತ್ತಿರದ್ದು. ಗುಡಿಯ ಮುಂದೆ ನಕ್ಷೆ ಬರೆದರೆ ಕೇರಿಯವರು ಅಂಚಿನಲ್ಲಿ ನಿಂತು ನೋಡುತ್ತಾರೆ. ಅವರ ಮನೆಗಳು ನಕ್ಷೆಯ ಮೂಲೆಯಲ್ಲಿ ಒಂದು ಸುತ್ತು ಗೆರೆಯೊಳಗೆ ಸೇರಿಹೋಗುತ್ತವೆ. ಅನುಭವಿ ತರಬೇತುದಾರರು ಕೇರಿಯಲ್ಲಿ ಬೇರೆಯಾಗಿ, ಹೆಂಗಸರೊಂದಿಗೆ ಅವರ ಬಿಡುವಿನ ಹೊತ್ತಿನಲ್ಲಿ ಬೇರೆಯಾಗಿ ಕೂರುತ್ತಿದ್ದುದು ಇದಕ್ಕಾಗಿಯೇ. ಗಡುವಿನ ಕೆಲಸದಲ್ಲಿ ಮೊದಲು ಬಿಟ್ಟುಹೋದದ್ದೂ ಇದೇ. ಟೀಕೆಯ ಬಹುಭಾಗ ತಾಗಬೇಕಾದದ್ದು ಚಿತ್ರ ಬರೆಸುವ ಕ್ರಮಕ್ಕಲ್ಲ, ಅದಕ್ಕೆ ಬೇಕಾದ ಸಮಯವನ್ನು ಕೊಡದ ವ್ಯವಸ್ಥೆಗೆ.

ಹಾಗಿದ್ದರೂ ಪದ್ಧತಿ ಅಳಿದಿಲ್ಲ. 2014ರಲ್ಲಿ ಉದ್ಯೋಗ ಖಾತ್ರಿ ಯೋಜನೆಯ ಅಡಿಯಲ್ಲಿ ದೇಶದ 2,500 ಹಿಂದುಳಿದ ಬ್ಲಾಕುಗಳಲ್ಲಿ ಸಾಮಾಜಿಕ ನಕ್ಷೆ, ಸಂಪನ್ಮೂಲ ನಕ್ಷೆಗಳ ಮೂಲಕ ಕಾಮಗಾರಿ ಆಯ್ಕೆ ಮಾಡುವ ಅಭಿಯಾನ ನಡೆಯಿತು. ಮರುವರ್ಷ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿ ಕಡ್ಡಾಯವಾದಾಗ ಕರ್ನಾಟಕದಲ್ಲಿ ಅದು ‘ನಮ್ಮ ಗ್ರಾಮ ನಮ್ಮ ಯೋಜನೆ’ಯಾಯಿತು, ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ನೀಡುವ ತರಬೇತಿಗಳಲ್ಲಿ ಪಿ.ಆರ್.ಎ.ಗೆ ಸ್ಥಾನವಿದೆ. ಕೃಷಿ ವಿಶ್ವವಿದ್ಯಾಲಯಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಉಳಿದಾಗ ಶಾಲೆಯ ಮುಂದೆ ಊರಿನ ನಕ್ಷೆ ಬಿಡಿಸುವುದು ಈಗ ವಾಡಿಕೆ. ಬಣ್ಣಬಣ್ಣದ ಆ ನಕ್ಷೆಗಳ ಫೋಟೋ ಜಿಲ್ಲಾ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅವು ನೋಡಲು ಚೆಂದ, ಗೆರೆ ನೇರ, ಅಕ್ಷರ ದುಂಡು. ಆದರೆ ಅನೇಕ ಸಲ ಬರೆಯುವವರು ವಿದ್ಯಾರ್ಥಿಗಳೇ, ನೋಡುವವರು ಊರವರು. 1989ಕ್ಕೆ ಮೊದಲಿನ ಕ್ರಮ ಅಲ್ಲಿ ಮರಳಿ ಬಂದಂತಾಗಿದೆ. ಪುಡಿಯನ್ನು ಊರಿನ ಹೆಂಗಸರ ಕೈಗೆ ಕೊಡುವ ಅಧ್ಯಾಪಕರಿರುವ ಕಡೆ ನಕ್ಷೆ ಸೊಟ್ಟಗಿದ್ದರೂ ಚರ್ಚೆ ಹುಟ್ಟುತ್ತದೆ.

ಇತ್ತೀಚಿನ ಅಧ್ಯಾಯ ಡ್ರೋನ್‌ನದ್ದು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳೆಯ ಸರ್ವೆ ಹೊಲಗಳನ್ನು ಅಳೆದಿತ್ತೇ ಹೊರತು ಗ್ರಾಮಠಾಣದೊಳಗಿನ ಮನೆಗಳನ್ನು ಒಂದೊಂದಾಗಿ ಅಳೆದಿರಲಿಲ್ಲ. ಈ ಯೋಜನೆ ಅವುಗಳ ನಕ್ಷೆ ಮಾಡಿ ಹಕ್ಕುಪತ್ರ ಕೊಡುತ್ತದೆ. ಡ್ರೋನ್ ಹಾರುವ ಮೊದಲು ಮನೆಯವರು, ನೆರೆಯವರು, ಪಂಚಾಯಿತಿ ಮತ್ತು ಸರ್ವೆ ಸಿಬ್ಬಂದಿ ಸೇರಿ ಪ್ರತಿ ಆಸ್ತಿಯ ಗಡಿಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಾರೆ, ಮೇಲಿನಿಂದ ಕ್ಯಾಮೆರಾಕ್ಕೆ ಕಾಣಲೆಂದು. ಗೆರೆ ಹಾಕುವ ಹೊತ್ತಿನಲ್ಲಿ ನೆರೆಹೊರೆಯವರು ವಾದಿಸಿ ಒಪ್ಪಂದಕ್ಕೆ ಬರುವುದು ಇಲ್ಲೂ ಇದೆ. ತಯಾರಾದ ನಕ್ಷೆ ಮನೆಯ ಮೇರೆಯನ್ನು ಸೆಂಟಿಮೀಟರ್‌ಗಳ ನಿಖರತೆಯಲ್ಲಿ ತೋರಿಸುತ್ತದೆ. ಮನೆಯೊಳಗಿನವರ ಕೂಲಿ, ಕಾಯಿಲೆ, ಗುಳೆ, ಶಾಲೆಗಳ ಲೆಕ್ಕ ಅದರ ಉದ್ದೇಶದಲ್ಲಿ ಇಲ್ಲ. ಅದಕ್ಕೆ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳಲ್ಲಿ ಬರೆಯುವ ಸಾಮಾಜಿಕ ನಕ್ಷೆಯನ್ನೇ ಈಗಲೂ ನೆಚ್ಚಬೇಕು.